ಮೂತ್ರ ಹಿಡಿದದ್ದು ಎಷ್ಟು ಹೊತ್ತಿಗೆ?

ಮಗುವಿನ ಮೂತ್ರದ ರಿಪೋರ್ಟಿನಲ್ಲಿ ‘ಆಲ್ಬುಮಿನ್ +’ (ಅಂದರೆ ಮೂತ್ರದಲ್ಲಿ ಪ್ರೋಟೀನ್ ಇದೆ) ಅಂತ ಕಂಡರೆ ಸಾಕು, ಕಿಡ್ನಿಯೇ ಹೋಯಿತೆಂದು ಅಪ್ಪ-ಅಮ್ಮ ಕಂಗಾಲಾಗಿ ನಮ್ಮ ಓಪಿಡಿಗೆ ಬರುತ್ತಾರೆ. ಅಷ್ಟರಲ್ಲಿ ಬೇಳೆ, ಮೊಟ್ಟೆ ನಿಲ್ಲಿಸಿ ಆಗಿರುತ್ತದೆ. (ಬೆಳೆಯುವ ಮಗುವಿಗೆ ಯಾಕಪ್ಪಾ ಈ ಪಥ್ಯ!) ನಾನು ಮೊದಲು ಕೇಳುವುದು, ಮೂತ್ರ ಹಿಡಿದದ್ದು ಎಷ್ಟು ಹೊತ್ತಿಗೆ ಅಂತ.

‘ಜ್ವರ ಇತ್ತಲ್ಲ, ಆವತ್ತು ಮಧ್ಯಾಹ್ನ’ ಅನ್ನುವ ಉತ್ತರವೇ ಹೆಚ್ಚು. ಜ್ವರ ಬಂದಾಗ, ಓಡಿ ಆಡಿದ ಮೇಲೆ ಸ್ವಲ್ಪ ಪ್ರೋಟೀನ್ ಸೋರುವುದು ಸಹಜ. 1+ ಅಂದರೆ ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಂ. ನೀರು ಕುಡಿಯದ ಮಗುವಿನ ದಟ್ಟ ಹಳದಿ ಮೂತ್ರದಲ್ಲಿ ಅಷ್ಟು ತೋರಿಸಲು ಯಾವ ರೋಗವೂ ಬೇಕಿಲ್ಲ. ಹಾಗಾಗಿ ಅದೇ ಹಾಳೆಯಲ್ಲಿ ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ಮೂತ್ರ ಎಷ್ಟು ದಟ್ಟ ಎಂಬ ಅಳತೆ, 1.025ರ ಮೇಲಿದ್ದರೆ ಆ 1+ ಅನ್ನು ನಾನು ನಂಬುವುದಿಲ್ಲ.

ಹೈಸ್ಕೂಲು ವಯಸ್ಸಿನವರದ್ದು ಬೇರೆಯದೇ ಕಥೆ. ಕೆಲವರಿಗೆ ನಿಂತು ಓಡಾಡುವಾಗ ಪ್ರೋಟೀನ್ ಹೋಗುತ್ತದೆ, ಮಲಗಿದರೆ ನಿಲ್ಲುತ್ತದೆ. ಅದಕ್ಕೆ ಔಷಧಿ ಬೇಡ, ಆದರೆ ಅದೇ ಎಂದು ಖಾತ್ರಿಯಾಗಬೇಕು. ರಾತ್ರಿ ಮಲಗುವ ಮುಂಚೆ ಮೂತ್ರ ಮಾಡಿಸಿ, ಬೆಳಿಗ್ಗೆ ಹಾಸಿಗೆಯಿಂದ ಎದ್ದ ತಕ್ಷಣದ್ದನ್ನು ಹಿಡಿಯಿರಿ ಎನ್ನುತ್ತೇನೆ. ಹಲ್ಲುಜ್ಜಿ, ಅಂಗಳ ಸುತ್ತಿ ಬಂದ ಮೇಲಿನದ್ದಲ್ಲ. ಹಳೇ ಸಿರಪ್ ಬಾಟಲಿಯಲ್ಲೂ ಬೇಡ.

ಅದರಲ್ಲಿ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ಮಾಡಿಸುತ್ತೇನೆ. ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯಕ್ಕೆ ಹೋಲಿಸಿದರೆ ಪ್ರೋಟೀನ್ ಎಷ್ಟು ಎಂಬ ಲೆಕ್ಕ ಅದು. ಎರಡು ವರ್ಷ ದಾಟಿದವರಲ್ಲಿ 0.2ರ ಒಳಗಿದ್ದರೆ ಸರಿ. 24 ಗಂಟೆಯ ಮೂತ್ರ ಕೂಡಿಡಿ ಎಂದು ಬರೆಯುವುದು ಸುಲಭ, ನಾಲ್ಕು ವರ್ಷದ ತುಂಟನ ಹಿಂದೆ ಕ್ಯಾನ್ ಹಿಡಿದು ಓಡುವವರಿಗೆ ಅದರ ಕಷ್ಟ ಗೊತ್ತು.

ಬೆಳಿಗ್ಗೆ ಕಣ್ಣರೆಪ್ಪೆ ಊದಿ 3+ ಬಂದರೆ, ಮೂತ್ರದಲ್ಲಿ ರಕ್ತ ಇದ್ದರೆ, ಬಿಪಿ ಏರಿದ್ದರೆ ಮಾತ್ರ ಈ ನಿಧಾನ ಸಲ್ಲ. ಊದಿದ ಕಣ್ಣಿಗೆ ಅಲರ್ಜಿಯೆಂದು ಡ್ರಾಪ್ಸ್ ಹಾಕಿಸಿಕೊಂಡು, ಕಾಲು-ಹೊಟ್ಟೆ ಬಾತ ಮೇಲೆ ಬರುವ ನೆಫ್ರೋಟಿಕ್ (ಕಿಡ್ನಿಯಿಂದ ಪ್ರೋಟೀನ್ ವಿಪರೀತ ಸೋರಿ ಮೈ ಊದುವ ಕಾಯಿಲೆಯ) ಮಕ್ಕಳು ಈಗಲೂ ಇದ್ದಾರೆ. ಅಂಥ ಮಕ್ಕಳ ತಾಯಂದಿರು ಮನೆಯಲ್ಲೇ ಬೆಳಗಿನ ಮೂತ್ರ ನೋಡಿ ಡೈರಿ ಬರೆಯುತ್ತಾರೆ. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಸ್ಟ್ರಿಪ್ ದುಬಾರಿಯಾದವರಿಗೆ ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಹನಿ: ಪ್ರೋಟೀನ್ ಇದ್ದಷ್ಟೂ ಮೂತ್ರ ಬೆಳ್ಳಗೆ ಕದಡುತ್ತದೆ. ಸತತ ಮೂರು ದಿನ 3+ ಬಂದರೆ ಕಾಯಿಲೆ ಮರುಕಳಿಸಿದೆ ಎಂದು ಲೆಕ್ಕ. ನೆಗಡಿಯ ನಡುವೆ ಬಂದ ಒಂದು ದಿನದ 3+ ತಾನಾಗಿ ಇಳಿಯುವುದೂ ಉಂಟು, ಅದಕ್ಕೇ ಒಂದೇ ದಿನದ್ದು ನೋಡಿ ಸ್ಟೀರಾಯ್ಡ್ ಶುರು ಮಾಡುವುದಿಲ್ಲ.