ಚುಕ್ಕಿ ಕುಂಟಿದ ಬೆಳಗ್ಗೆ

ಬೆಳಗ್ಗೆ ಎದ್ದು ನೋಡಿದರೆ ನಮ್ಮ ಹದಿಮೂರು ವರ್ಷದ ಬೆಕ್ಕು ಚುಕ್ಕಿ ಮುಂಗಾಲು ಊರದೆ ಕುಂಟುತ್ತಿದ್ದಳು. ಎದೆ ಧಸಕ್ಕೆಂದಿತು. ಟವೆಲಿನಲ್ಲಿ ಸುತ್ತಿ ತೊಡೆ ಮೇಲೆ ಕೂರಿಸಿಕೊಂಡು, ಬೆಳಕಿಗೆ ಹಿಡಿದು ಪಾದ ಬಿಡಿಸಿದೆ. ಒಂದು ಉಗುರು ಸುರುಳಿಯಾಗಿ ಬೆಳೆದು ಮೆತ್ತನೆಯ ಗುಲಾಬಿ ಅಂಗಾಲಿಗೇ ಚುಚ್ಚಿಕೊಂಡಿತ್ತು. ಸುತ್ತ ಕೆಂಪಗೆ ಬಾತು, ಚೂರು ಕೀವು. ಪಾಪ, ಎಷ್ಟು ದಿನದಿಂದ ಸಹಿಸಿಕೊಂಡಿದ್ದಳೋ! ನಾನೇ ಕೀಳಲು ಹೋಗದೆ ಡಾಕ್ಟರ ಹತ್ತಿರ ಒಯ್ದೆ. ಉಗುರು ಕತ್ತರಿಸಿ, ಗಾಯ ತೊಳೆದು ಔಷಧಿ ಕೊಟ್ಟರು.

ಕೈಮುಗಿದು ಕೇಳುತ್ತೇನೆ, ನೋವೆಂದು ನಾವು ನುಂಗುವ ಪ್ಯಾರಸಿಟಮಾಲ್ ಕೊಡಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು. ಹಿಂಗಾಲು ಎಳೆಯುತ್ತಾ ಅರಚುತ್ತಿದ್ದು, ಪಾದ ತಣ್ಣಗಿದ್ದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿರಬಹುದು. ಆಗ ಒಂದು ಗಳಿಗೆಯೂ ಕಾಯಬೇಡಿ. ಸಣ್ಣ ಕುಂಟಾದರೂ 24 ಗಂಟೆಯಲ್ಲಿ ಇಳಿಯದಿದ್ದರೆ ತೋರಿಸಿಬಿಡಿ.

ಈಗ ಚುಕ್ಕಿಯ ಉಗುರನ್ನು ಪ್ರತಿ ಭಾನುವಾರ ನೋಡುತ್ತೇನೆ.