ಸೊಪ್ಪಿನ ಕಟ್ಟನ್ನು ಮರಳಿ ಇಟ್ಟ ಕೈ

ಕೆಲವು ತಿಂಗಳ ಹಿಂದೆ ತರಕಾರಿ ಕೊಳ್ಳಲು ನಿಂತಿದ್ದಾಗ ನನ್ನ ಪಕ್ಕದಲ್ಲಿದ್ದ ತಾಯಿಯೊಬ್ಬರು ಸೊಪ್ಪಿನ ಕಟ್ಟೊಂದನ್ನು ಕೈಗೆತ್ತಿಕೊಂಡರು. ಬೇರಿನ ಕಡೆ ತಿರುಗಿಸಿ ನೋಡಿದರು, ಒಳಗಿನ ಎಲೆಗಳನ್ನು ಬೆರಳಿನಿಂದ ಬಿಡಿಸಿ ಪರೀಕ್ಷಿಸಿದರು, ಕೈ ಹಿಡಿದು ನಿಂತಿದ್ದ ಮಗುವಿನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಕಟ್ಟನ್ನು ಇದ್ದ ಜಾಗದಲ್ಲಿಯೇ ಮೆಲ್ಲಗೆ ಇಟ್ಟು ಆಲೂಗಡ್ಡೆಯ ರಾಶಿಯ ಕಡೆಗೆ ನಡೆದರು.

ಹಿಂದೆಯಾಗಿದ್ದರೆ ನಾನು ಇದನ್ನು ತಿಳಿವಳಿಕೆಯ ಕೊರತೆ ಎಂದು ತೀರ್ಮಾನಿಸಿಬಿಡುತ್ತಿದ್ದೆ. ಬಡ ಕುಟುಂಬಗಳಿಗೆ ಪೌಷ್ಟಿಕ ಆಹಾರದ ಬಗ್ಗೆ ತಿಳಿಸಿಕೊಡುವ ಸಭೆಗಳಲ್ಲಿ ನಾನು ಕೆಲವು ಕಾಲ ಕೈಜೋಡಿಸಿದ್ದೆ. ಬಣ್ಣದ ಚಿತ್ರಪಟಗಳನ್ನು ತೂಗುಹಾಕಿ ಯಾವ ಹಣ್ಣಿನಲ್ಲಿ ಯಾವ ಜೀವಸತ್ವವಿದೆ ಎಂದು ವಿವರಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ದಿನ ಸಭೆ ಮುಗಿದ ಮೇಲೆ ಮಹಿಳೆಯೊಬ್ಬರು ಹತ್ತಿರ ಬಂದು, "ಮೇಡಂ, ನೀವು ಹೇಳಿದ್ದೆಲ್ಲ ನನಗೆ ಗೊತ್ತು. ಇವತ್ತು ದುಡ್ಡು ಕೊಟ್ಟು ತಂದದ್ದನ್ನು ಮಕ್ಕಳು ಮುಟ್ಟದೇ ಹೋದರೆ ರಾತ್ರಿಗೆ ಅವರಿಗೆ ಏನು ಕೊಡಲಿ, ಅದನ್ನು ಹೇಳಿ" ಎಂದು ಕೇಳಿದರು. ನನ್ನ ಚಿತ್ರಪಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಹಿಂದಿರುವ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಒಬ್ಬ ವಯಸ್ಕ ವ್ಯಕ್ತಿ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮತ್ತು ಆಲೂಗಡ್ಡೆಯಂತಹ ಪಿಷ್ಟದ ಗೆಡ್ಡೆಗಳು ಈ ಲೆಕ್ಕದಲ್ಲಿ ಸೇರುವುದಿಲ್ಲ. ದೊಡ್ಡವರು ನಾಲ್ವರಿರುವ ಮನೆಗೆ ಅದು ದಿನಕ್ಕೆ 1.6 ಕಿಲೋ, ವಾರಕ್ಕೆ 11 ಕಿಲೋಗಿಂತ ಹೆಚ್ಚು. 18 ದೇಶಗಳ ಮಾಹಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ 'ಪ್ಯೂರ್' ಅಧ್ಯಯನದ ಪ್ರಕಾರ, ಒಬ್ಬರಿಗೆ ದಿನಕ್ಕೆ 2 ಪಾಲು ಹಣ್ಣು ಮತ್ತು 3 ಪಾಲು ತರಕಾರಿ ಒದಗಿಸಲು ಕಡಿಮೆ ಆದಾಯದ ದೇಶಗಳಲ್ಲಿ ಮನೆಯ ಆದಾಯದ ಸುಮಾರು ಶೇ. 52ರಷ್ಟು ಬೇಕಾಗುತ್ತಿತ್ತು, ಶ್ರೀಮಂತ ದೇಶಗಳಲ್ಲಿ ಶೇ. 2ಕ್ಕಿಂತಲೂ ಕಡಿಮೆ ಸಾಕಾಗುತ್ತಿತ್ತು. ಧಾನ್ಯ, ಎಣ್ಣೆ, ಸಕ್ಕರೆಗಳು ಅದೇ ಹಣಕ್ಕೆ ಹೊಟ್ಟೆ ತುಂಬಿಸುತ್ತವೆ, ತಿಂಗಳುಗಟ್ಟಲೆ ಕೆಡದೆ ಉಳಿಯುತ್ತವೆ. ಸೊಪ್ಪು, ತರಕಾರಿಗಳ ತೂಕದ ಬಹುಪಾಲು ನೀರು. ಸಂಜೆಯ ಹೊತ್ತಿಗೆ ಎಲ್ಲರ ಹಸಿವೂ ಇಂಗಬೇಕೆಂದು ಲೆಕ್ಕ ಹಾಕುವ ತಾಯಿ ಆಲೂಗಡ್ಡೆಯ ಕಡೆ ನಡೆದರೆ ಅದು ಅಜ್ಞಾನವಲ್ಲ, ಸರಿಯಾದ ಲೆಕ್ಕವೇ.

ಬೆಲೆಗಿಂತಲೂ ಹೆಚ್ಚಾಗಿ ನನ್ನನ್ನು ಕಾಡಿದ್ದು ವ್ಯರ್ಥವಾಗುವ ಭಯ. ಮಕ್ಕಳು ಹೊಸ ರುಚಿಯನ್ನು ಒಪ್ಪಿಕೊಳ್ಳಬೇಕಾದರೆ ಅದನ್ನು ಅನೇಕ ಬಾರಿ, ಹಲವೊಮ್ಮೆ 8ರಿಂದ 15 ಬಾರಿ, ಬಾಯಿಗಿಟ್ಟು ನೋಡಬೇಕಾಗುತ್ತದೆ ಎಂಬುದು ಮಕ್ಕಳ ಆಹಾರವನ್ನು ಅಧ್ಯಯನ ಮಾಡುವವರೆಲ್ಲ ಬಲ್ಲ ಸಂಗತಿ. ನನ್ನ ಮಗಳು ಚಿಕ್ಕವಳಿದ್ದಾಗ ಬೇಯಿಸಿದ ಕ್ಯಾರೆಟ್ ಬಿಲ್ಲೆಯನ್ನು ನಾಲಗೆಯ ತುದಿಯಿಂದ ಮುಟ್ಟಿ, ಒದ್ದೆಯಾದದ್ದನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದಳು. ಹಾಗೆ ಎಷ್ಟೋ ದಿನ ನಾನು ಆ ಬಿಲ್ಲೆಗಳನ್ನು ಎಸೆದು, ಅವಳು ಇಷ್ಟಪಡುವ ಬೇರೇನನ್ನೋ ಕೊಟ್ಟೆ. ಇಂದು ಅವಳು ಕ್ಯಾರೆಟ್ ತಿನ್ನುತ್ತಾಳೆ. ಆದರೆ ಅದು ನನ್ನ ಜಾಣತನದಿಂದ ಆದದ್ದಲ್ಲ, ಅಷ್ಟು ಬಾರಿ ಎಸೆಯುವ ಅನುಕೂಲ ನನಗಿತ್ತು, ಅಷ್ಟೇ. ಕೈಯಲ್ಲಿ ಕಾಸಿಲ್ಲದ ಮನೆಯಲ್ಲಿ ಎರಡನೆಯ ಬಾರಿಗೇ ಆ ಪ್ರಯೋಗ ನಿಂತುಹೋಗುತ್ತದೆ.

ಆದ್ದರಿಂದ ಪ್ರೋತ್ಸಾಹ ಎಂದರೆ ಆ ನಷ್ಟದ ಭಾರವನ್ನು ಬೇರೆಯವರು ಹೊರುವುದು ಎಂದೇ ನಾನು ಈಗ ನಂಬುತ್ತೇನೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಹ್ಯಾಂಪ್ಡನ್ ಕೌಂಟಿಯಲ್ಲಿ 2011–12ರಲ್ಲಿ ಒಂದು ಪ್ರಯೋಗ ನಡೆಯಿತು. ಸರ್ಕಾರದ ಆಹಾರ ನೆರವು ಪಡೆಯುತ್ತಿದ್ದ ಕುಟುಂಬಗಳಲ್ಲಿ 7,500ನ್ನು ಚೀಟಿ ಎತ್ತಿದಂತೆ ಆರಿಸಿ, ಅವರು ಹಣ್ಣು-ತರಕಾರಿಗೆ ಖರ್ಚು ಮಾಡಿದ ಪ್ರತಿ ಡಾಲರಿಗೆ 30 ಸೆಂಟ್‌ಗಳನ್ನು ಅವರ ಖಾತೆಗೆ ಮರಳಿಸಲಾಯಿತು. ಈ ಸವಲತ್ತು ಸಿಗದವರಿಗಿಂತ ಅವರು ಆ ಹಣ್ಣು-ತರಕಾರಿಗಳನ್ನು ಸುಮಾರು ಶೇ. 26ರಷ್ಟು ಹೆಚ್ಚು ತಿಂದರು. ಏನು ಕೊಳ್ಳಬೇಕೆಂಬ ಆಯ್ಕೆ ಅವರ ಕೈಯಲ್ಲಿಯೇ ಉಳಿದದ್ದು ನನಗೆ ಇದರಲ್ಲಿ ಬಹಳ ಹಿಡಿಸಿದ ಅಂಶ; ಯಾರೋ ತುಂಬಿಕೊಟ್ಟ ಚೀಲದಲ್ಲಿ ಮನೆಯವರು ತಿನ್ನದ ತರಕಾರಿಯೇ ಇದ್ದರೆ ಅದೂ ವ್ಯರ್ಥವೇ. ಶಾಲೆಗಳಲ್ಲಿ ಹಣ್ಣು ಹಂಚುವುದಕ್ಕೂ ಇದೇ ಕಾರಣದಿಂದ ಬೆಲೆಯಿದೆ. ಐರೋಪ್ಯ ಒಕ್ಕೂಟ 2009ರಿಂದ ಇಂತಹ ಯೋಜನೆಯನ್ನು ನಡೆಸುತ್ತಿದೆ. ಶಾಲೆಯಲ್ಲಿ ಮಗು ಹಣ್ಣಿನ ಹೋಳನ್ನು ಉಗುಳಿದರೂ ತಾಯಿಯ ಕೈಯಿಂದ ಏನೂ ಹೋಗುವುದಿಲ್ಲ.

ಮನೆಯ ಮಟ್ಟದಲ್ಲಿ ಹೇಳಬಹುದಾದ ಮಾತುಗಳೂ ಇವೆ, ಆದರೆ ಅವು ಚಿಕ್ಕವು. ಎಲೆಕೋಸು, ಕ್ಯಾರೆಟ್, ಕುಂಬಳಕಾಯಿಗಳು ಸೊಪ್ಪಿಗಿಂತ ಎಷ್ಟೋ ದಿನ ಹೆಚ್ಚು ಬಾಳುತ್ತವೆ. ಶೈತ್ಯೀಕರಿಸಿದ ತರಕಾರಿ ಪೋಷಕಾಂಶದಲ್ಲಿ ತಾಜಾ ತರಕಾರಿಗೆ ಹೆಚ್ಚುಕಡಿಮೆ ಸಮವೇ, ಆದರೆ ಅದನ್ನು ಇಡಲು ತಕ್ಕ ಫ್ರಿಜ್ ಇರಬೇಕು. 400 ಗ್ರಾಂ ಮುಟ್ಟದಿದ್ದರೆ ಎಲ್ಲವೂ ವ್ಯರ್ಥ ಎಂಬ ಭಾವನೆಯನ್ನಂತೂ ಯಾರಲ್ಲಿಯೂ ಹುಟ್ಟಿಸಬಾರದು: ತೀರ ಕಡಿಮೆ ತಿನ್ನುವವರಿಗೆ ಮೊದಲು ಸೇರುವ ಒಂದೆರಡು ಹಿಡಿಯಿಂದಲೇ ಹೆಚ್ಚಿನ ಪ್ರಯೋಜನ.

ಈಗ ನಮ್ಮ ಸಭೆಗಳಿಗೆ ಚಿತ್ರಪಟ ಬರುವುದಿಲ್ಲ. ವಾರಕ್ಕೆ ಒಂದು ತರಕಾರಿಯನ್ನು ನಾವೇ ತಂದು, ಅಲ್ಲಿಯೇ ಬೇಯಿಸಿ, ಮಕ್ಕಳ ಮುಂದೆ ಉಗುರಿನಷ್ಟು ಹೋಳುಗಳನ್ನು ಇಡುತ್ತೇವೆ. ತಿನ್ನಲೇಬೇಕೆಂದು ಯಾರನ್ನೂ ಒತ್ತಾಯಿಸುವುದಿಲ್ಲ, ಉಗುಳಿದವರನ್ನು ಗದರುವುದಿಲ್ಲ. ಮೂರು ಬಾರಿ ಬೀಟ್‌ರೂಟನ್ನು ಉಗುಳಿದ್ದ ಹುಡುಗನೊಬ್ಬ ಮೊನ್ನೆ ತನ್ನ ಹೋಳನ್ನು ನುಂಗಿ, ಕೆಂಪಾದ ಬೆರಳುಗಳನ್ನು ನೆಕ್ಕುತ್ತಾ ಪಕ್ಕದವನ ಹೋಳಿನ ಕಡೆ ನೋಡುತ್ತಿದ್ದ. ಅವನ ತಾಯಿ ಏನೂ ಹೇಳಲಿಲ್ಲ. ಹೊರಡುವ ಮುನ್ನ ನನ್ನ ಬಳಿ ನಿಂತು, ಬೀಟ್‌ರೂಟ್ ತಂದಿಟ್ಟರೆ ಎಷ್ಟು ದಿನ ಕೆಡದೆ ಇರುತ್ತದೆ ಎಂದು ಮಾತ್ರ ಕೇಳಿದರು.