ಶಿರಸಿಯಲ್ಲಿ ಹಾಳಾಗಿ ಕಾರವಾರದಲ್ಲಿ ಸರಿಹೋದ ಸೆನ್ಸರ್

ಬಂದೂಕು ಹಿಡಿದು ಹೊಡೆದವನಲ್ಲ ನಾನು. ಅಜ್ಜನ ಹೆಸರಲ್ಲಿದ್ದ ಬೆಳೆ ರಕ್ಷಣೆಯ ಕೋವಿಯನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುತ್ತಿದ್ದೆ, ಅಷ್ಟೇ ಸಂಬಂಧ. ಆದರೂ ನಾಲ್ಕು ವರ್ಷದಿಂದ ಶಿರಸಿಯ ಮನೆ ಜಗಲಿಯಲ್ಲಿ ಕೂತು, ಎಷ್ಟು ದೂರಕ್ಕೆ ಗುಂಡು ಎಷ್ಟು ಇಳಿಯುತ್ತದೆ ಎಂದು ಅಮೆರಿಕದ ಶೂಟರ್‌ಗಳಿಗೆ ಹೇಳುವ ಫ್ರೀ ಆ್ಯಪ್ ಒಂದನ್ನು ಟೆಸ್ಟ್ ಮಾಡುತ್ತಿದ್ದೇನೆ.

ಬೇಡವೆಂದರೂ ಶುಕ್ರವಾರ ಸಂಜೆಯೇ ರಿಲೀಸ್ ಹೋಯಿತು. ಶನಿವಾರ ರಾತ್ರಿ ಹನ್ನೊಂದೂವರೆ, ಅಮೆರಿಕದ ಡೆನ್ವರ್ ಕಡೆ ನಡುಮಧ್ಯಾಹ್ನ, ದೂರಿನ ಟಿಕೆಟ್ ಬಂತು: 900 ಮೀಟರಿನಲ್ಲಿ ಹೊಡೆದದ್ದೆಲ್ಲ ಬೋರ್ಡಿನ ಮೇಲಿಂದ ಹೋಗುತ್ತಿದೆ. ಬಂದೂಕಿನ ಮೇಲಿನ ದುರ್ಬೀನು, ಅಂದರೆ ಸ್ಕೋಪ್, ಸಡಿಲಿರಬೇಕು ಅಂದುಕೊಂಡು, ಝೀರೋ (ಸ್ಕೋಪಿನ ಗುರಿ ಹೊಂದಿಕೆ) ಮತ್ತೆ ನೋಡಿ, ಗುಂಡಿನ ಪೆಟ್ಟಿಗೆಯ ಮೇಲಿನ ವೆಲಾಸಿಟಿ ನಂಬಬೇಡಿ, ವೇಗ ಅಳೆಯುವ ಕ್ರೋನೋಗ್ರಾಫ್ ಇಡಿ ಎಂಬ ಮಾಮೂಲಿ ಉತ್ತರ ಅಂಟಿಸಿ ಮಲಗಲು ಹೊರಟೆ. ಹನ್ನೆರಡು ನಿಮಿಷಕ್ಕೆ ಇನ್ನೊಂದು. ಬೇರೆ ಊರು, ಅದೇ ದೂರು. ಕೊನೆಯ ಸಾಲಲ್ಲಿ, ಬೋರ್ಡಿನ ಹಿಂದೆ ಗುಂಡು ತಡೆಯುವ ದಿಬ್ಬದ ನೆತ್ತಿಯಲ್ಲಿ ಮಣ್ಣು ಹಾರಿತು ಅಂತಿತ್ತು. ದಿಬ್ಬದ ಆಚೆ ಏನಿದೆ ಅಂತ ಬರೆದಿರಲಿಲ್ಲ.

ರೋಲ್‌ಬ್ಯಾಕ್ ಒತ್ತಿ ಹಳೆಯ ಆವೃತ್ತಿಗೆ ಮರಳಿಸಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು. ಫೈಬರೂ ಸತ್ತಿತು. ನಮ್ಮಲ್ಲಿ ಹಾಟ್‌ಸ್ಪಾಟಿಗೆ ಒಂದು ಕಡ್ಡಿ ಸಿಗುವುದು ಕೊಟ್ಟಿಗೆಯ ಮೂಲೆಯಲ್ಲಿ ಮಾತ್ರ. ಲ್ಯಾಪ್‌ಟಾಪನ್ನು ಹಿಂಡಿ ಚೀಲದ ಮೇಲಿಟ್ಟು ಓಟಿಪಿಗೆ ಕಾದೆ. "ತಮಾ, ಈ ಹೊತ್ತಲ್ಲಿ ಕೊಟ್ಟಿಗೆಲಿ ಎಂತ ಮಾಡ್ತೆ?" ಆಯಿ ಒಳಗಿಂದ ಕೂಗಿದಳು. ಏನು ಹೇಳಲಿ. ಹತ್ತೊಂಬತ್ತು ನಿಮಿಷ. ಅಷ್ಟರಲ್ಲಿ ಎಷ್ಟು ಜನ ನಮ್ಮ ಅಂಕಿ ನಂಬಿ ಟ್ರಿಗರ್ ಎಳೆದರೋ.

ನಾಚಿಕೆಯ ಭಾಗ ಇನ್ನು ಮುಂದೆ. ಹೊಸ ರಿಲೀಸಿನಲ್ಲಿ ಗಾಳಿಯ ಒತ್ತಡ ಹವಾಮಾನ ಫೀಡಿನಿಂದ ತಾನೇ ತುಂಬಿಕೊಳ್ಳುತ್ತಿತ್ತು. ಟೆಸ್ಟ್ ಮಾಡುವಾಗ ಇದೇ ಜಗಲಿಯಲ್ಲಿ ಫೀಡು 1007 ಹೆಕ್ಟೋಪಾಸ್ಕಲ್ ತೋರಿಸಿದರೆ ಫೋನಿನ ಬ್ಯಾರೋಮೀಟರ್ 940 ಅಂತು. ಮಳೆಗಾಲದ ತೇವಕ್ಕೆ ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಮರುವಾರ ಕಾರವಾರದ ಕಡಲ ದಂಡೆಯಲ್ಲಿ ನೋಡಿದರೆ ಎರಡೂ ಒಂದೇ! ಒಣಗಿ ಸರಿಹೋಯಿತು ಎಂದು ಖುಷಿಯಲ್ಲಿ 'ಪಾಸ್' ಒತ್ತಿದೆ. ದೇವಿಮನೆ ಘಟ್ಟ ಇಳಿಯುವಾಗ ಕಿವಿ ಕಟ್ಟಿತ್ತು, ಆಗಲೂ ಹೊಳೆಯಲಿಲ್ಲ.

ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಹವಾಮಾನದವರು ತಮ್ಮ ನಕ್ಷೆಗಾಗಿ ಒತ್ತಡವನ್ನು ಸಮುದ್ರಮಟ್ಟಕ್ಕೆ ಹೊಂದಿಸಿ, ಎಲ್ಲ ಊರನ್ನೂ ಕಾರವಾರ ಮಾಡಿಬಿಡುತ್ತಾರೆ. ಗುಂಡಿಗೆ ಬೇಕಾದ್ದು ಅದು ಹಾರುವ ಜಾಗದ ಗಾಳಿ. ಡೆನ್ವರ್ 1,600 ಮೀಟರ್; ಅಲ್ಲಿ ನಿಜವಾದ ಒತ್ತಡ 835ರ ಆಸುಪಾಸು, ನಾವು ಕೊಟ್ಟದ್ದು 1010ರ ಮೇಲೆ. ಆ್ಯಪು ಗಾಳಿ ದಪ್ಪಗಿದೆ ಎಂದು ತಿಳಿದು ಜಾಸ್ತಿ ಎತ್ತಿ ಹೊಡೆಯಲು ಹೇಳಿತು. 900 ಮೀಟರಿನಲ್ಲಿ ಅರ್ಧ ಮೀಟರಿಗೂ ಮೇಲೆ ವ್ಯತ್ಯಾಸ.

ಜಿ-ಒನ್, ಜಿ-ಸೆವೆನ್ ಎಂಬ, ಗುಂಡಿಗೆ ಗಾಳಿಯ ತಡೆ ಎಷ್ಟೆಂಬ ಲೆಕ್ಕದಲ್ಲಿ ಕೂದಲಷ್ಟೂ ತಪ್ಪಿರಲಿಲ್ಲ. ಇನ್ನೊಂದು ಫ್ರೀ ಆ್ಯಪಿನ ಜೊತೆ ತಾಳೆ ನೋಡಿದ್ದೆ, ಎರಡನೇ ದಶಮಾಂಶದವರೆಗೂ ಕೂಡಿತ್ತು. ಕೂಡದೆ ಏನು, ಎರಡಕ್ಕೂ ಅದೇ ತಪ್ಪು ಒತ್ತಡ ತುಂಬಿದವನು ನಾನೇ. ಟೆಸ್ಟ್ ಕೇಸುಗಳಂತೂ ಪೂರಾ ಸಮುದ್ರಮಟ್ಟದ 15 ಡಿಗ್ರಿ, 1013.25 ಹೆಕ್ಟೋಪಾಸ್ಕಲ್. ಘಟ್ಟ ಹತ್ತಿದವು ಒಂದೂ ಇರಲಿಲ್ಲ.

"ಡಿಸ್‌ಕ್ಲೇಮರ್ ಇದೆಯಲ್ಲ, ಫ್ರೀ ಆ್ಯಪ್ ತಾನೇ" ಅಂದರು ಮ್ಯಾನೇಜರ್, ಸೋಮವಾರದ ಕಾಲ್‌ನಲ್ಲಿ. ಆರ್‌ಸಿಎಯಲ್ಲಿ (ತಪ್ಪಿನ ಮೂಲ ಹುಡುಕುವ ವರದಿ) 'ಹ್ಯೂಮನ್ ಎರರ್' ಎಂದಾಯಿತು. ಆ ಹ್ಯೂಮನ್ ಯಾರೆಂದು ಎಲ್ಲರಿಗೂ ಗೊತ್ತು. ಆ್ಯಪಿನ ಒತ್ತಡದ ಖಾನೆಯ ಹೆಸರು 'ಸ್ಟೇಷನ್ ಪ್ರೆಶರ್' (ಇದ್ದ ಜಾಗದ ಒತ್ತಡ) ಎಂದು ಬದಲಾಯಿತು, ಎತ್ತರಕ್ಕೆ ಹೊಂದದ ಅಂಕಿ ಬಂದರೆ ಈಗ ಕೆಂಪಗಾಗುತ್ತದೆ. ಅಷ್ಟು ನಿಖರತೆ ನಮ್ಮಲ್ಲಿಲ್ಲ, ಎರಡನೇ ದಶಮಾಂಶ ತೆಗೆಯಿರಿ ಎಂದು ಹಾಕಿದ ಟಿಕೆಟ್ ಮಾತ್ರ ಇನ್ನೂ ಓಪನ್. ಚಿಲ್ಲರೆ ಕಂಡರೆ ಬಳಕೆದಾರರಿಗೆ ನಂಬಿಕೆ ಜಾಸ್ತಿಯಂತೆ.